ಮುಖವಿದ್ದ ನವಿಲು

"ತುಳೀಬೇಡಿ ಸೀದಿ. ಅದು ನವಿಲಿನ ಬಾಲ."

ಪೊಲೀಸ್ ಮೇಜರ್ ದೈಫಲ್ಲಾ ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಇಟ್ಟ. ಹಲಗೆಯ ಮೇಲೆ ಬೋರಲು ಮಲಗಿಸಿದ್ದ ಆ ತುಂಡು ಅವನ ಕಣ್ಣಿಗೆ ಬಾಲವಾಗಿಯೂ ಕಾಣಲಿಲ್ಲ, ನವಿಲಾಗಿಯೂ ಕಾಣಲಿಲ್ಲ. "ಇದು ಬರೀ ಸಿಮೆಂಟಿನ ಚಪ್ಪಡಿ ಅಲ್ವಾ?" ಎಂದ.

"ಅದಕ್ಕೇ ನಿಮ್ಮನ್ನ ಕರೆಸಿದ್ದು," ಎಂದಳು ಇನ್ಸಾಫ್.

ಬಣ್ಣದ ಕಲ್ಲಿನ ಚೂರುಗಳಿಂದ ಚಿತ್ರ ಬರೆದ ಹಳೆಯ ಮೊಸಾಯಿಕ್ ನೆಲಗಳನ್ನು ಎತ್ತಿ, ಸರಿಪಡಿಸಿ, ಮತ್ತೆ ಕೂರಿಸುವುದು ಅವಳ ಕಸುಬು. ತೇವ ಹಿಡಿದ ನೆಲವನ್ನು ಉಳಿಸಲೆಂದು ಅಮ್ಮಾನಿನಿಂದ ಈ ಉಮ್ ಅಲ್-ಹಜಲ್ ಹಳ್ಳಿಗೆ ಬಂದಿದ್ದಳು. ನಿನ್ನೆ ಬೆಳಿಗ್ಗೆ ನೆಲದ ಚಿತ್ರದ ಎರಡು ನವಿಲುಗಳಲ್ಲಿ ಎಡಗಡೆಯದನ್ನು ಎತ್ತಿದಾಗ ಅದರ ಕೆಳಗೆ ಮನುಷ್ಯನ ಅಸ್ಥಿಪಂಜರ ಕಂಡಿದ್ದು ಅವಳಿಗೇ.

ಎಲುಬುಗಳು ಸಂಜೆಯೇ ಇಬ್ಬರು ಪೇದೆಗಳ ಜೊತೆ ಅಮ್ಮಾನಿಗೆ ಹೋಗಿದ್ದವು. ಉಳಿದಿದ್ದು ಗುಂಡಿ. ಪಾಳು ಇಗರ್ಜಿಯ ಮೇಲೆ ಹೊದಿಸಿದ್ದ ತಗಡಿನ ಚಾವಣಿ ಬಿಸಿಲಿಗೆ ಚಟಚಟ ಎನ್ನುತ್ತಿತ್ತು. ಮೇಲೆ ರಸ್ತೆಯ ಬದಿಯಲ್ಲಿ ಊರಿನವರು ಗುಂಪು ಕೂಡಿದ್ದರು. ಅವರನ್ನು ತಡೆಯಲು ಒಬ್ಬ ಪೇದೆ ನಿಂತಿದ್ದ. ಇಳಿಜಾರಿನ ಕೆಳಗಿದ್ದ ಇಗರ್ಜಿ ಅಲ್ಲಿಂದ ಕಾಣುತ್ತಿರಲಿಲ್ಲ.

ಇನ್ಸಾಫ್ ಎರಡು ಚೂರುಗಳನ್ನು ಮೇಜರನ ಅಂಗೈಗೆ ಹಾಕಿದಳು. ಒಂದು ದ್ರಾಕ್ಷಿಬಳ್ಳಿಯ ಕೆಳಗಿಂದ ತೆಗೆದದ್ದು. ಬಿಳಿಯ ಸುಣ್ಣದ ಗಾರೆ, ನಡುನಡುವೆ ಬೂದಿ, ಮಡಕೆಯ ಪುಡಿ. ಬೆರಳಲ್ಲಿ ಒತ್ತಿದರೆ ಉದುರಿತು. ಇನ್ನೊಂದು ನವಿಲಿನ ಕೆಳಗಿನದು. ಉಗುರು ಊರಿದರೂ ಗೀರು ಬೀಳಲಿಲ್ಲ.

"ನೆಲ ಸಾವಿರದ ನಾನೂರು ವರ್ಷದ್ದು," ಎಂದಳು. "ಅದರ ಕೆಳಗಿನ ಸಿಮೆಂಟಿಗೆ ನನ್ನಷ್ಟೂ ವಯಸ್ಸಾಗಿಲ್ಲ."

ದೈಫಲ್ಲಾ ಚೂರುಗಳನ್ನು ಕೆಳಗಿಟ್ಟು ಗುಂಡಿಯತ್ತ ನೋಡಿದ. ಯಾರೋ ಈ ನವಿಲನ್ನು ನೆಲದಿಂದ ಬಿಡಿಸಿದ್ದಾರೆ. ಕೆಳಗೆ ಗುಂಡಿ ತೋಡಿದ್ದಾರೆ. ಒಬ್ಬನನ್ನು ಮಲಗಿಸಿದ್ದಾರೆ. ಮತ್ತೆ ನವಿಲನ್ನು ಒಂದೇ ಒಂದು ಕಲ್ಲೂ ಸಾಲು ತಪ್ಪದಂತೆ ಅದೇ ಜಾಗಕ್ಕೆ ಕೂರಿಸಿದ್ದಾರೆ. ಇಷ್ಟು ವರ್ಷ ಊರಿನವರು ಅದರ ಸುತ್ತ ಓಡಾಡಿದ್ದಾರೆ, ಪ್ರವಾಸಿಗರು ಫೋಟೋ ತೆಗೆದುಕೊಂಡಿದ್ದಾರೆ.

"ದೀಪ ಇತ್ತ ಹಿಡಿ," ಎಂದ.

ಗುಂಡಿಯ ಅಂಚಿನಲ್ಲಿ ನಿಂತಿದ್ದ ಫಾರಿಸ್ ಟಾರ್ಚನ್ನು ತಿರುಗಿಸಿದ. ಅವನು ಇಗರ್ಜಿಯ ಕಾವಲುಗಾರ. ಇಪ್ಪತ್ತೈದರ ಆಸುಪಾಸಿನ ಎತ್ತರದ ಆಳು, ಮಾತು ಕಡಿಮೆ, ಹೇಳುವ ಮೊದಲೇ ಕೆಲಸ ಮುಗಿಸುವವನು. ನಿನ್ನೆ ನವಿಲನ್ನು ಎತ್ತುವಾಗಲೂ ಒಂದು ತುದಿ ಹಿಡಿದವನು ಅವನೇ.

ಅವನ ಎದುರು ಮುಂದಿನ ಮಾತು ಆಡುವುದು ಮೇಜರನಿಗೆ ಬೇಡವಾಗಿತ್ತು. ಪೇದೆಗೆ ನೀರು ಕೊಟ್ಟು ಬಾ ಎಂದು ಅವನನ್ನು ಮೇಲಕ್ಕೆ ಕಳಿಸಿದ. ಹೆಜ್ಜೆಯ ಸದ್ದು ದೂರವಾಗುವವರೆಗೆ ಕಾದು, ಜೇಬಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದ. ಒಳಗೆ ತುಕ್ಕು ಹಿಡಿದ ಕೈಗಡಿಯಾರ. ಸತ್ತವನ ಎಡಗೈಯಲ್ಲಿ ಸಿಕ್ಕಿದ್ದು. ಒರೆಸಿದ ಮೇಲೆ ಅದರ ಮುಖದ ಮೇಲೆ ಕುವೈತಿನ ಅಂಗಡಿಯೊಂದರ ಹೆಸರು ಕಂಡಿತ್ತು.

ಈ ಊರಿನಿಂದ ಆ ಕಾಲದಲ್ಲಿ ಕುವೈತಿಗೆ ದುಡಿಯಲು ಹೋದ ಗಂಡಸರು ಬಹಳ. ಇರಾಕ್ ಕುವೈತಿನ ಮೇಲೆ ದಾಳಿ ಮಾಡಿ ಯುದ್ಧ ಶುರುವಾದಾಗ ಎಲ್ಲರೂ ಹಿಂದೆ ಬಂದರು, ಒಬ್ಬನನ್ನು ಬಿಟ್ಟು. ಅವನು ಅಯ್ಯೂಬ್, ಫಾರಿಸನ ತಂದೆ. ಆ ಗದ್ದಲದಲ್ಲಿ ಎಲ್ಲೋ ಕಳೆದುಹೋದನೆಂದು ಊರು ನಂಬಿತ್ತು.

ಇನ್ಸಾಫ್ ಗಡಿಯಾರವನ್ನು ನೋಡಿದಳು, ಆಮೇಲೆ ಫಾರಿಸ್ ಹತ್ತಿ ಹೋದ ದಾರಿಯನ್ನು.

"ಅವನಿಗೆ ಗೊತ್ತಾ?"

"ನಾನು ಯಾರಿಗೂ ಹೇಳಿಲ್ಲ. ನೀವೂ ಹೇಳಬೇಡಿ."

ಅವಳು ತಲೆಯಾಡಿಸಿ, ಇನ್ನೊಂದು ತೋರಿಸುವುದಿದೆ ಎಂದು ಅವನನ್ನು ನೆಲದ ನಡುವಿಗೆ ಕರೆದುಕೊಂಡು ಹೋದಳು.

ದೈಫಲ್ಲಾ ಚಿಕ್ಕಂದಿನಿಂದ ಇಂಥ ನೆಲಗಳನ್ನು ನೋಡುತ್ತಲೇ ಬೆಳೆದವನು. ಅವನ ಅಪ್ಪನ ಆಡುಗಳು ಇಂಥವುಗಳ ಮೇಲೆ ಮಲಗುತ್ತಿದ್ದವು. ಆದರೂ ಇವತ್ತಿನ ಹಾಗೆ ಯಾವತ್ತೂ ನೋಡಿರಲಿಲ್ಲ. ಹೂಜಿಯಿಂದ ಹೊರಟ ದ್ರಾಕ್ಷಿಬಳ್ಳಿ ಇಡೀ ನೆಲವನ್ನು ಸುತ್ತಿಕೊಂಡಿತ್ತು. ಅದರ ಒಂದೊಂದು ಸುರುಳಿಯಲ್ಲೂ ಒಂದೊಂದು ಜೀವ. ಗೌಜಲಹಕ್ಕಿ, ಜಿಂಕೆ, ಪಂಜರದೊಳಗಿನ ಗುಬ್ಬಿ. ಎಲ್ಲದರ ಮುಖವೂ ಕಲಸಿಹೋಗಿತ್ತು. ಮುಖವಿಲ್ಲದ ಮೊಲವೊಂದು ದ್ರಾಕ್ಷಿ ತಿನ್ನುತ್ತಿತ್ತು.

ಬಹಳ ಹಿಂದೆ, ದೇವರ ಮನೆಯಲ್ಲಿ ಜೀವವಿರುವ ಯಾವುದರ ಚಿತ್ರವೂ ಕೂಡದು ಎಂಬ ಗಾಳಿ ಬೀಸಿದಾಗ, ಈ ಊರಿನ ಕ್ರೈಸ್ತರೇ ಮಾಡಿದ ಕೆಲಸ ಅದು. ಒಡೆಯಲು ಮನಸ್ಸಾಗಿರಲಿಲ್ಲ. ಮುಖದ ಕಲ್ಲುಗಳನ್ನು ಮಾತ್ರ ಕಿತ್ತು, ಅವನ್ನೇ ಅಡ್ಡಾದಿಡ್ಡಿ ಕಲಸಿ, ಮತ್ತೆ ಅಲ್ಲೇ ಕೂರಿಸಿದ್ದರು.

ಉಳಿದಿದ್ದು ಎಡಗಡೆಯ ನವಿಲಿನ ಮುಖ ಒಂದೇ. ಕೊಕ್ಕು, ಜುಟ್ಟು, ದುಂಡನೆಯ ಕಪ್ಪು ಕಣ್ಣು. ಅದನ್ನು ದೇವರೇ ಕಾಪಾಡಿದನೆಂದು ಊರಿನವರು ಹೇಳುತ್ತಿದ್ದರು. ಮಕ್ಕಳಾಗದವರು, ಗಂಡ ದೂರ ಹೋದವರು, ಮುಸಲ್ಮಾನ ಹೆಂಗಸರು ಕೂಡ ಬಂದು ಅದರ ಪಕ್ಕ ಮೇಣದಬತ್ತಿ ಹಚ್ಚುತ್ತಿದ್ದರು. ನೆಲದ ಅಂಚಿನಲ್ಲಿ ಮೇಣ ಹೆಪ್ಪುಗಟ್ಟಿ ಕರೆಯಾಗಿತ್ತು.

ಇನ್ಸಾಫ್ ಇನ್ನೊಂದು ಹಲಗೆಯ ಮೇಲಿದ್ದ ನವಿಲಿನ ತಲೆಯ ಭಾಗದಿಂದ ಬಟ್ಟೆಯನ್ನು ನಾಜೂಕಾಗಿ ಸರಿಸಿದಳು. ಮೈಯ ಕಲ್ಲುಗಳು ಸವೆದು ನುಣುಪಾಗಿದ್ದವು. ಮುಖದ ಕಲ್ಲುಗಳ ಅಂಚು ಬೆರಳಿಗೆ ಚುಚ್ಚುವಂತಿತ್ತು.

"ಈ ಮುಖ ಉಳಿದಿದ್ದಲ್ಲ ಸೀದಿ," ಎಂದಳು. "ಆಮೇಲೆ ಮಾಡಿದ್ದು. ಅದೇ ಸಿಮೆಂಟಿನಲ್ಲಿ, ಅದೇ ದಿನ."

ಮೇಜರ್ ಎದ್ದು ನಿಂತ. ತಲೆ ಪಡುವಣಕ್ಕೆ, ಕಾಲು ಮೂಡಣಕ್ಕೆ, ಎರಡು ಕೈಯೂ ಎದೆಯ ಮೇಲೆ. ನಿನ್ನೆ ಎಲುಬುಗಳು ಮಲಗಿದ್ದು ಹಾಗೆ, ಕ್ರೈಸ್ತರು ತಮ್ಮ ಸತ್ತವರನ್ನು ಹೂಳುವ ರೀತಿಯಲ್ಲಿ. ತಲೆಬುರುಡೆಯ ಹಿಂಭಾಗ ಒಡೆದಿತ್ತು. ಹಿಂದಿನಿಂದ ಹೊಡೆದು ಕೊಂದಿದ್ದಾರೆ, ಆಮೇಲೆ ಮನೆಯವರ ಹಾಗೆ ಮಲಗಿಸಿದ್ದಾರೆ. ಆ ಕಾಲಕ್ಕೆ ಈ ಸುತ್ತಿನಲ್ಲಿ ಮೊಸಾಯಿಕ್ ನೆಲವನ್ನು ಎತ್ತಿ ಕೂರಿಸಬಲ್ಲ ಕೈ ಇದ್ದದ್ದು ಒಂದೇ. ಬೆಟ್ಟದ ಮೇಲಿನ ಮಠದಲ್ಲಿ ವಿದೇಶಿ ಸನ್ಯಾಸಿಗಳ ಬಳಿ ಕೆಲಸ ಕಲಿತ ಉಸ್ತಾದ್ ಮಿತ್ರಿ. ಅಯ್ಯೂಬನ ಒಡಹುಟ್ಟಿದ ಅಣ್ಣ.

ಫಾರಿಸ್ ಇಳಿದು ಬಂದ. ಬಲಗಡೆಯ ನವಿಲಿಗೂ ಎತ್ತಲೆಂದು ಮೊದಲೇ ಬಟ್ಟೆ ಅಂಟಿಸಿ, ಸುತ್ತಲೂ ಬಿಡಿಸಿ ಇಟ್ಟಿದ್ದರು. ಅದರ ಮೇಲೆ ಮೆಲ್ಲಗೆ ತಟ್ಟಿ ನೋಡಿ, ಸದ್ದು ಹೇಗಿದೆ ಅಂತ ಫೋನ್ ಮಾಡಿ ಎಂದು ಮೇಜರ್ ಇನ್ಸಾಫ್‌ಗೆ ಹೇಳಿದ. ತಾನು ಹೇಳುವವರೆಗೆ ಎತ್ತುವುದು ಬೇಡ. ಭಾರ ಹಿಡಿಯಲು ಫಾರಿಸ್ ಇದ್ದೇ ಇದ್ದಾನಲ್ಲ.

"ಇರ್ತೀನಿ ಸೀದಿ," ಎಂದ ಫಾರಿಸ್.

*

ಮಿತ್ರಿಯ ಮನೆಯ ಅಂಗಳದಲ್ಲಿ ಅಂಜೂರದ ಮರದ ನೆರಳು ಗೋಡೆಯವರೆಗೆ ಬಿದ್ದಿತ್ತು. ಮುದುಕ ನೆಲದ ಮೇಲೆ ಕೂತು ಕಲ್ಲಿನ ಚೂರುಗಳನ್ನು ಬಣ್ಣ ಬಣ್ಣವಾಗಿ ವಿಂಗಡಿಸಿ ಎಣ್ಣೆಯ ಖಾಲಿ ಡಬ್ಬಗಳಿಗೆ ಹಾಕುತ್ತಿದ್ದ. ಅವನ ಕೈ ಒಂದೇ ಸಮನೆ ನಡುಗುತ್ತಿತ್ತು. ಕೆಂಪು ಚೂರೊಂದು ಡಬ್ಬದ ಅಂಚಿಗೆ ತಾಗಿ ಹೊರಗೆ ಬಿತ್ತು. ಅವನು ಅದನ್ನು ಹೆಕ್ಕಲು ಹೋಗಲಿಲ್ಲ.

"ಅಹ್ಲನ್, ಅಬೂ ನಾಯೆಫ್," ಎಂದ. ದೈಫಲ್ಲಾನನ್ನು ಹಿರಿಮಗನ ಹೆಸರಿನಿಂದ ಕರೆಯುವಷ್ಟು ಹಳೆಯ ಪರಿಚಯ. "ಕೂತ್ಕೊಳ್ಳಿ. ಬರ್ತೀರಿ ಅಂತ ಗೊತ್ತಿತ್ತು."

ಮದುವೆಯಾಗದ ಮಿತ್ರಿಯ ಮನೆಯನ್ನು ನೋಡಿಕೊಳ್ಳುತ್ತಿದ್ದವಳು ತಮ್ಮನ ಹೆಂಡತಿ, ಫಾರಿಸನ ತಾಯಿ ಜಲೀಲಾ. ಅವಳು ಕಾಫಿಯ ತಟ್ಟೆ ಹಿಡಿದು ಹೊರಗೆ ಬಂದಳು.

ಜಲೀಲಾ ಅಡಿಯಿಂದ ಮುಡಿಯವರೆಗೆ ಕಪ್ಪು ಉಟ್ಟಿದ್ದಳು.

ನಿನ್ನೆ ಇಗರ್ಜಿಯ ಮೇಲಿನ ರಸ್ತೆಯಲ್ಲಿ ಗುಂಪಿನ ನಡುವೆ ನಿಂತಿದ್ದಾಗ ಅವಳ ಮೈಮೇಲೆ ನೀಲಿ ಬಟ್ಟೆಯಿತ್ತು. ಗಂಡ ಕಾಣೆಯಾದಾಗಿನಿಂದ ಅವಳು ಒಂದು ದಿನವೂ ಕಪ್ಪು ಉಟ್ಟವಳಲ್ಲ. ಕಾಣೆಯಾದವನ ಹೆಂಡತಿ ವಿಧವೆಯಲ್ಲ, ಅವನು ಬರುತ್ತಾನೆ ಎಂದು ಹೇಳಿ ಆಡಿಕೊಳ್ಳುವವರ ಬಾಯಿ ಮುಚ್ಚಿಸುತ್ತಿದ್ದಳು.

"ಉಮ್ ಫಾರಿಸ್, ಅದು ಯಾರ ಹೆಣ ಅಂತ ನಾನಿನ್ನೂ ಯಾರಿಗೂ ಹೇಳಿಲ್ಲ," ಎಂದ ಮೇಜರ್.

"ನನಗೆ ಯಾರು ಹೇಳಬೇಕು?" ಎಂದಳು ಜಲೀಲಾ. ಬಟ್ಟಲನ್ನು ಅವನ ಕೈಗಿತ್ತು, ಬಾಗಿಲ ಬಳಿ ಹೋಗಿ ನಿಂತಳು.

ದೈಫಲ್ಲಾ ಬಟ್ಟಲನ್ನು ತುಟಿಗೆ ತರಲಿಲ್ಲ. ಹಾಗೇ ನೆಲದ ಮೇಲೆ, ತನ್ನ ಮುಂದೆ ಇಟ್ಟ.

ಮಿತ್ರಿಯ ಮುಖದ ಬಣ್ಣ ಇಳಿಯಿತು. ಮನೆಗೆ ಬಂದವನು ಕಾಫಿಯನ್ನು ಕೆಳಗಿಟ್ಟರೆ ಅವನಿಗೊಂದು ಕೋರಿಕೆ ಇದೆ ಎಂದರ್ಥ. ಅದು ನಡೆಯದೆ ಅವನು ಕುಡಿಯುವುದಿಲ್ಲ. ಕುಡಿಯದೆ ಎದ್ದುಹೋದರೆ ಆ ಮನೆಯವನು ಊರಲ್ಲಿ ತಲೆಯೆತ್ತಿ ಓಡಾಡುವಂತಿಲ್ಲ. ಮದುವೆಯ ಮಾತಿಗೆ, ರಾಜಿಗೆ ಹಾಗೆ ಮಾಡುವವರಿದ್ದರು. ಪೊಲೀಸಿನವನೊಬ್ಬ ಮಾಡಿದ್ದನ್ನು ಆ ಅಂಗಳ ನೋಡಿರಲಿಲ್ಲ.

"ಆರಿಹೋಗುತ್ತೆ, ಕುಡೀರಿ," ಎಂದ ಮುದುಕ.

"ಆರಲಿ. ನನಗೆ ನಿಜ ಬೇಕು ಉಸ್ತಾದ್. ನಿಮ್ಮನ್ನ ಠಾಣೆಗೆ ಕರ್ಕೊಂಡು ಹೋಗಿ, ಹುಡುಗರ ಕೈಲಿ ಕೇಳಿಸೋಕೆ ನನಗೆ ಇಷ್ಟ ಇಲ್ಲ."

ಜಲೀಲಾ ಬಾಗಿಲ ಚೌಕಟ್ಟಿಗೆ ಒರಗಿ ಅಂಗಳದ ಒಂದೇ ಜಾಗವನ್ನು, ನೀರಿನ ತೊಟ್ಟಿಯ ಪಕ್ಕದ ಕಲ್ಲುಹಾಸನ್ನು ನೋಡುತ್ತಿದ್ದಳು.

"ಹೂಳಿದ್ದು ನಾನು," ಎಂದ ಮಿತ್ರಿ.

"ಕೊಂದಿದ್ದು?"

ಮುದುಕ ಬೇರೆ ಕಡೆಯಿಂದ ಶುರು ಮಾಡಿದ. ಯುದ್ಧ ಶುರುವಾದ ಮೇಲೆ ಅಯ್ಯೂಬ್ ಇರಾಕಿನ ಮರುಭೂಮಿ ದಾಟಿ ಹೇಗೋ ಮನೆ ಸೇರಿದ್ದ. ಊರಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕುವೈತಿಗೆ ಹೋಗುವ ಮೊದಲೇ ಅವನು ಹೆಂಡತಿಯ ಮೇಲೆ ಕೈ ಮಾಡುತ್ತಿದ್ದ. ಜಲೀಲಾಳ ಮೈಮೇಲಿನ ಗುರುತುಗಳನ್ನು ನೋಡಿಯೂ ನೋಡದವನಂತೆ ಮಿತ್ರಿ ಇದ್ದುಬಿಟ್ಟಿದ್ದ. ಆ ದಿನ ಬೆಟ್ಟದ ಕೆಲಸ ಮುಗಿಸಿ ಬಂದಾಗ ತಮ್ಮ ಇದೇ ಅಂಗಳದಲ್ಲಿ ಬೋರಲು ಬಿದ್ದಿದ್ದ. ಜಲೀಲಾಳ ತುಟಿ ಒಡೆದಿತ್ತು. ಒಳಗೆ ಮಗು ಅಳುತ್ತಿತ್ತು.

"ಯಾರು ಹೊಡೆದರು ಅಂತ ಕೇಳಲಿಲ್ವಾ?"

"ಕೇಳಿದ್ರೆ ಉತ್ತರ ಬರ್ತಿತ್ತು ಅಬೂ ನಾಯೆಫ್. ಅದಕ್ಕೇ ಕೇಳಲಿಲ್ಲ."

ಮೇಜರ್ ಜಲೀಲಾಳ ಕಡೆ ನೋಡಿದ. ಅವಳು ಕಣ್ಣು ತಿರುಗಿಸಲಿಲ್ಲ. ಅವಳ ನೋಟದಲ್ಲಿ ಅಪರಾಧವೂ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ. ಏನನ್ನೋ ಕಾಯುವವಳ ಹಾಗೆ ನಿಂತಿದ್ದಳು.

"ಸ್ಮಶಾನದಲ್ಲಿ ಹೂಳಬಹುದಿತ್ತು, ಗುಡ್ಡದಲ್ಲಿ ಹೂಳಬಹುದಿತ್ತು," ಎಂದ ಮೇಜರ್. "ದೇವರ ನೆಲ ಎತ್ತಿ ಹೂಳಿದ್ದೀರಿ. ಅದೂ ಸಾಲದು ಅಂತ ನವಿಲಿಗೆ ಮುಖ ಬೇರೆ ಕೊಟ್ಟಿದ್ದೀರಿ. ಯಾಕೆ ಉಸ್ತಾದ್? ಅದೊಂದು ಮಾಡದೇ ಇದ್ದಿದ್ರೆ ನೀವೇ ಅಂತ ಇಷ್ಟು ಬೇಗ ಗೊತ್ತಾಗ್ತಿರಲಿಲ್ಲ."

ಮಿತ್ರಿ ತನ್ನ ಕೈಗಳನ್ನು ನೋಡಿಕೊಂಡ. ಒಂದನ್ನು ಇನ್ನೊಂದರಿಂದ ಹಿಡಿದುಕೊಂಡರೂ ಎರಡೂ ನಡುಗಿದವು.

"ನವಿಲಿನ ಮಾಂಸ ಕೊಳೆಯಲ್ಲ ಅಂತ ನಮ್ಮ ಹಿರಿಯರು ನಂಬ್ತಿದ್ರು. ಅದಕ್ಕೇ ಅದನ್ನ ಇಗರ್ಜಿ ನೆಲದಲ್ಲಿ ಬರೆಸ್ತಿದ್ರು, ಗೋರಿಗಳ ಮೇಲೆ ಬರೆಸ್ತಿದ್ರು. ಸತ್ತವರು ಮತ್ತೆ ಏಳ್ತಾರೆ ಅನ್ನೋದಕ್ಕೆ ಗುರುತು. ಅವನ ಮೇಲೆ ನಾನು ಶಿಲುಬೆ ಇಡೋ ಹಾಗಿರಲಿಲ್ಲ, ಹೆಸರು ಕೆತ್ತೋ ಹಾಗಿರಲಿಲ್ಲ. ಪಾದ್ರಿ ಕರೆಸೋ ಹಾಗಿರಲಿಲ್ಲ. ಕೆಟ್ಟವನೇ, ಆದ್ರೂ ನನ್ನ ಜೊತೆ ಹುಟ್ಟಿದವನು. ಒಂದು ನವಿಲನ್ನಾದ್ರೂ ಕೊಡೋಣ ಅಂದುಕೊಂಡೆ." ಅವನು ಉಸಿರೆಳೆದುಕೊಂಡ. "ಕೂರಿಸಿ ಮುಗಿಸಿದ ಮೇಲೆ ನೋಡಿದೆ. ಕಣ್ಣಿಲ್ಲ. ಎದ್ದು ಬರೋನಿಗೆ ದಾರಿ ತೋರಿಸೋ ಹಕ್ಕಿ, ಅದೇ ಕುರುಡಾಗಿದ್ರೆ ಹೇಗೆ? ಮನಸ್ಸು ಒಪ್ಪಲಿಲ್ಲ. ಬೆಳಗಾಗೋ ಹೊತ್ತಿಗೆ ಮುಖ ಮಾಡಿ ಮುಗಿಸಿದೆ. ಆಗಿನ್ನೂ ನೆಲದ ತುಂಬ ಮಣ್ಣಿತ್ತು, ಅದಕ್ಕೆ ಮುಖ ಇರಲಿಲ್ಲ ಅಂತ ಯಾರಿಗೂ ಗೊತ್ತಿರಲಿಲ್ಲ."

"ಊರಿನವರು ದೀಪ ಹಚ್ಚೋಕೆ ಶುರು ಮಾಡಿದಾಗ?"

"ಬೇಡ ಅಂತ ಹೇಗೆ ಹೇಳಲಿ?"

ಮೇಜರನ ಫೋನು ಸದ್ದು ಮಾಡಿತು. ಇನ್ಸಾಫ್. ಬಲಗಡೆಯ ನವಿಲನ್ನು ತಟ್ಟಿ ನೋಡಿದ್ದಳು. ಅಂಚಿನಲ್ಲಿ ಅಲ್ಲಿಯೂ ಸಿಮೆಂಟು. ಸದ್ದು ಟೊಳ್ಳಾಗಿತ್ತು, ಕೆಳಗೆ ಗುಂಡಿ ಇದ್ದ ಹಾಗೆ.

ಅವನು ಫೋನನ್ನು ಕಿವಿಯಿಂದ ತೆಗೆಯದೆ ಮಿತ್ರಿಗೆ ಅದನ್ನೇ ಹೇಳಿದ. ಮುದುಕ ಬೆಚ್ಚುತ್ತಾನೆಂದುಕೊಂಡಿದ್ದ. ಮುದುಕ ಬೆಚ್ಚಲಿಲ್ಲ.

"ಅದು ನಂದು," ಎಂದ ಶಾಂತವಾಗಿ. "ಆ ವರ್ಷವೇ ತೋಡಿ ಮುಚ್ಚಿಟ್ಟೆ. ಅವನನ್ನ ಒಬ್ಬನೇ ಬಿಡಬಾರದು ಅಂತ. ಅಲ್ಲಿ ಯಾರೂ ಇಲ್ಲ. ಖಾಲಿ."

"ಎತ್ತಿ ನೋಡಿಸಲಾ?"

"ನೋಡಿಸಿ. ನನ್ನ ಗೋರಿ ನೋಡೋಕೆ ನನ್ನನ್ನ ಕೇಳಬೇಕಾ?"

ಮೇಜರ್ ಇನ್ಸಾಫ್‌ಗೆ ಒಂದು ತುದಿಯನ್ನು ಮಾತ್ರ ಎತ್ತಿ ನೋಡಲು ಹೇಳಿ ಫೋನಿಟ್ಟ. ಕಾಯುತ್ತಾ, ಈ ಎರಡು ಗುಂಡಿಗಳ ವಿಷಯ ಇನ್ನು ಯಾರಿಗೆ ಗೊತ್ತಿತ್ತು ಎಂದು ಕೇಳಿದ. ಒಬ್ಬರಿಗೆ ಮಾತ್ರ ಎಂದ ಮಿತ್ರಿ. ಹಳೆಯ ಪಾದ್ರಿ ಅಬೂನಾ ಸಿಮಾನ್ ಅವರಿಗೆ. ವರ್ಷಾನುಗಟ್ಟಲೆ ಒಳಗೇ ಇಟ್ಟುಕೊಂಡು, ಕೈನಡುಕ ಶುರುವಾದ ಮೇಲೆ ಹೋದ ಚಳಿಗಾಲದಲ್ಲಿ ಅವರ ಮುಂದೆ ಪಾಪನಿವೇದನೆ ಮಾಡಿಕೊಂಡಿದ್ದ. ಅವರು ಮೊದಲು ಅತ್ತರು. ಆಮೇಲೆ, ನಿವೇದನೆಯಲ್ಲಿ ಕೇಳಿದ್ದನ್ನು ನಾನು ಎಲ್ಲೂ ಬಾಯಿಬಿಡುವಂತಿಲ್ಲ, ಆದರೆ ನೀನೇ ಹೋಗಿ ಹೇಳದ ಹೊರತು ಕ್ಷಮೆ ಇಲ್ಲ ಎಂದಿದ್ದರು. ಮಿತ್ರಿ ಅಳುತ್ತಲೇ ಹೊರಗೆ ಬಂದಿದ್ದ, ಬಾಗಿಲಲ್ಲಿ ಕಾದಿದ್ದ ಫಾರಿಸ್ ಅವನನ್ನು ಕೈಹಿಡಿದು ಮನೆಗೆ ಕರೆತಂದಿದ್ದ.

"ಅವರೀಗ ಎಲ್ಲಿ?"

"ವಯಸ್ಸಾಯ್ತು ಅಂತ ಸೈಪ್ರಸ್ಸಿನ ಮಠಕ್ಕೆ ಹೊರಟುಹೋದ್ರು. ಅದಾದ ವಾರಕ್ಕೇ. ಹೇಳಿ ಹೋಗಲೂ ಇಲ್ಲ. ನನ್ನ ಮೇಲಿನ ಬೇಸರಕ್ಕೆ ಅಂತ ಅಂದುಕೊಂಡೆ."

ಫೋನು ಮತ್ತೆ ಸದ್ದು ಮಾಡಿತು. ಈ ಸಲ ಇನ್ಸಾಫಳ ದನಿ ಗುರುತು ಸಿಗದಷ್ಟು ಬದಲಾಗಿತ್ತು.

"ಖಾಲಿ ಇಲ್ಲ ಸೀದಿ."

ಅವನು ಎದ್ದು ನಿಂತ.

"ಎಲುಬಲ್ಲ. ಹೆಣ. ತುಂಬಾ ಹಳೇದಲ್ಲ. ಕಪ್ಪು ನಿಲುವಂಗಿ, ಎದೆ ಮೇಲೆ ಬೆಳ್ಳಿ ಶಿಲುಬೆ. ಬಿಳೀ ಗಡ್ಡ. ಸಿಮೆಂಟೂ ಹೊಸದು."

ಏನನ್ನೂ ಮುಟ್ಟಬೇಡಿ, ನೇರ ರಸ್ತೆಗೆ ಹತ್ತಿ ಬಂದು ಪೇದೆಯ ಪಕ್ಕ ನಿಲ್ಲಿ ಎಂದ ಮೇಜರ್. ಅವಳು ಸರಿ ಎಂದಳು. ಫೋನು ನಿಂತಿತು.

ಅವನು ಹೇಳಬೇಕಾಗಲಿಲ್ಲ. ಬಿಳಿ ಗಡ್ಡ, ಶಿಲುಬೆ ಎಂಬ ಮಾತುಗಳು ಆ ಸದ್ದಿಲ್ಲದ ಅಂಗಳದಲ್ಲಿ ಮಿತ್ರಿಗೂ ಕೇಳಿಸಿದ್ದವು. ಮುದುಕ ಏಳಲು ಹೋಗಿ ಆಗದೆ, ಎಣ್ಣೆಯ ಡಬ್ಬಗಳ ನಡುವೆ ಕೈಯೂರಿದ.

"ಇಲ್ಲ," ಎಂದ. "ಅದು ಖಾಲಿ. ನಾನು ಕೂರಿಸಿದ್ದು. ಖಾಲಿಯೇ ಕೂರಿಸಿದ್ದು."

ಈ ಕೈಗಳಿಂದ ಹೋದ ಚಳಿಗಾಲದಲ್ಲಿ ಒಂದು ಕಲ್ಲನ್ನೂ ನೆಟ್ಟಗೆ ಕೂರಿಸಲು ಆಗುತ್ತಿರಲಿಲ್ಲ ಎಂಬುದು ದೈಫಲ್ಲಾನಿಗೆ ಎದುರಿಗೇ ಕಾಣುತ್ತಿತ್ತು. ಅವನು ಬಗ್ಗಿ ಮುದುಕನ ಭುಜ ಹಿಡಿದ.

"ಉಸ್ತಾದ್, ಈ ಕೆಲಸ ನೀವು ಯಾರಿಗೆ ಕಲಿಸಿದ್ರಿ?"

ಮಿತ್ರಿ ನೋಡಿದ್ದು ಮೇಜರನನ್ನಲ್ಲ, ಬಾಗಿಲಲ್ಲಿದ್ದ ಕಪ್ಪು ಬಟ್ಟೆಯ ಹೆಂಗಸನ್ನು.

ಮೇಜರ್ ಅತ್ತ ತಿರುಗಿದ. "ಉಮ್ ಫಾರಿಸ್. ಅಬೂನಾ ಸಿಮಾನ್ ಅವರನ್ನ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದವರು ಯಾರು?"

"ನನ್ನ ಮಗ," ಎಂದಳು ಜಲೀಲಾ. ಅವಳ ದನಿ ಮೊದಲ ಸಲ ಒಡೆಯಿತು. "ಬಿಟ್ಟು ಬಂದೆ ಅಂದ. ಬಟ್ಟೆಯೆಲ್ಲಾ ಬೂದು ಧೂಳಾಗಿತ್ತು. ನಾನೇ ಒಗೆದೆ. ನಾನೂ ಕೇಳಲಿಲ್ಲ."

ದೈಫಲ್ಲಾ ಗೇಟಿನ ಕಡೆ ಓಡುತ್ತಲೇ ಇನ್ಸಾಫಳ ನಂಬರ್ ಒತ್ತಿದ. ಜೀಪು ಬೀದಿಯ ತುದಿಯಲ್ಲಿತ್ತು. ಫೋನು ಒಮ್ಮೆ ಬಡಿದುಕೊಂಡಿತು, ಮತ್ತೊಮ್ಮೆ. ಯಾರೋ ಎತ್ತಿಕೊಂಡರು. ಉಸಿರಾಟ, ಅದರ ಹಿಂದೆ ಕರಣೆಯಿಂದ ಏನನ್ನೋ ಸವರುವ ಸದ್ದು.

"ಹೇಳಿ ಸೀದಿ," ಎಂದ ಫಾರಿಸ್.

"ಇನ್ಸಾಫ್‌ಗೆ ಕೊಡು."

"ಇಲ್ಲೇ ಇದ್ದಾರೆ." ಅವನ ಮಾತು ಎಂದಿನಂತೆ ಮೆತ್ತಗಿತ್ತು, ವಿನಯವಾಗಿತ್ತು. "ನೀವೇನೂ ಅವಸರ ಮಾಡಬೇಡಿ. ಎಡಗಡೆ ನವಿಲನ್ನ ಮತ್ತೆ ಅದರ ಜಾಗಕ್ಕೆ ಕೂರಿಸ್ತಾ ಇದ್ದೀನಿ."